ನಲವತ್ತು ಸೆಕೆಂಡು

ಬೈತಖೋಲ ಬಂದರಿನ ಐಸ್ ಪ್ಲಾಂಟು, ಅದರ ಮೇಲಿನ ಕೋಣೆಯಲ್ಲಿ
ಒಂದು ಸರ್ವರು, ಒಂದು ಫ್ಯಾನು, ಒಬ್ಬಳು ನಾನು.
ಮೂವರಲ್ಲಿ ಗದ್ದಲ ಮಾಡುವುದು ಫ್ಯಾನು ಮಾತ್ರ.

ಕೆಳಗೆ ನಡೆದದ್ದೆಲ್ಲ ಮೇಲೆ ಸಾಲಾಗಿ ಬರುತ್ತದೆ:
ಕಂಪ್ರೆಸರ್ ಎದ್ದಿತು. ಕಂಪ್ರೆಸರ್ ಮಲಗಿತು.
ಉಪ್ಪುನೀರಿನ ತೊಟ್ಟಿ ಮೈನಸ್ ಒಂಬತ್ತು.
ಬಾಗಿಲು ಎರಡು ತೆರೆಯಿತು, ಮುಚ್ಚಿತು.
ಯಾರ ಕಾರ್ಡು, ಎಷ್ಟು ಹೊತ್ತು.
ವಿಶೇಷಣವಿಲ್ಲದ ಭಾಷೆ,
ಅಜ್ಜಿ ಬಂಗಡೆ ಎಣಿಸುತ್ತಿದ್ದ ಹಾಗೆ,
ನಡುವೆ ಯಾರು ಕರೆದರೂ ಓಗೊಡದೆ.

ದಿನಕ್ಕೆ ಇಪ್ಪತ್ತು ಸಾವಿರ ಸಾಲು.
ಓದುತ್ತ ಕೂತರೆ ಮುಗಿಯದು;
ಬಲೆ ಬೀಸಬೇಕು, ಕಣ್ಣಿನ ಅಳತೆ ನೋಡಿ.
ಸಣ್ಣ ಕಣ್ಣಾದರೆ ಕಸವೂ ಬರುತ್ತದೆ,
ದೊಡ್ಡ ಕಣ್ಣಿಂದ ಬೇಕಾದದ್ದೇ ಜಾರುತ್ತದೆ.
'ಬಾಗಿಲು ಎರಡು' ಎಂದು ಕೊಟ್ಟೆ. 'ನಡುರಾತ್ರಿಯ ನಂತರ' ಎಂದೆ.
ಎಳೆದಾಗ ಉಳಿದದ್ದು ಒಂಬತ್ತು ಸಾಲು:

೦೩:೧೦ ಕಾರ್ಡು ೪೧೭, ನಲವತ್ತು ಸೆಕೆಂಡು
೦೩:೧೨ ಕಾರ್ಡು ೪೧೭, ಮೂವತ್ತೊಂಬತ್ತು
೦೩:೦೯ ಕಾರ್ಡು ೪೧೭, ನಲವತ್ತು

ಹೀಗೇ ಒಂಬತ್ತೂ. ಎಲ್ಲವೂ
ಶನಿವಾರ ಕಳೆದು ಭಾನುವಾರ ಬೆಳಗಾಗುವ ಮುಂಚೆ.

೪೧೭ ದತ್ತಾ ದುರ್ಗೇಕರರದು.
ನಿವೃತ್ತಿಯಾಗಿ ಎರಡು ವರ್ಷ. ಹಾರ, ಶಾಲು, ಗೋಡೆ ಗಡಿಯಾರ
ಎಲ್ಲ ಕೊಟ್ಟೆವು, ಕಾರ್ಡು ವಾಪಸು ಕೇಳುವುದು ಮರೆತೆವು.
ಅವರಿಗೀಗ ಮಂಡಿ ನೋವು, ಅಂಗಳವೇ ದೂರ.
ಅಂದಮೇಲೆ ಕಾರ್ಡು ಮಾತ್ರ ನಡೆದು ಬರುತ್ತಿದೆ,
ಯಾರದೋ ಸೆರಗಿನ ಗಂಟಿನಲ್ಲಿ.

ಕಾರ್ಯದರ್ಶಿ ಬಾನಾವಳಿಕರ್ ಅಂದರು, "ಕಳ್ಳತನ. ಪಟ್ಟಿ ತೆಗೆ."
ಏನು ಹೋಗಿದೆ ಸರ್?
"ಐಸು."

ಐಸು ಕದ್ದ ಕೇಸಿನಲ್ಲಿ ಮಾಲು ಹಾಜರುಪಡಿಸುವುದು ಹೇಗೆ?
ಅದು ಭಾನುವಾರ ಮಧ್ಯಾಹ್ನದೊಳಗೇ
ಸಂತೆಯ ಬುಟ್ಟಿಗಳಡಿಯಿಂದ ಹನಿದು
ಮೋರಿ ಸೇರಿ, ಸಮುದ್ರ ಸೇರಿ ಆಯಿತು.
ಕದ್ದದ್ದು ಕರಗಿತು. ಕದ್ದ ಹೊತ್ತು ಮಾತ್ರ
ನನ್ನ ಹತ್ತಿರ ಗಡ್ಡೆಕಟ್ಟಿ ಕೂತಿದೆ.

ಅದೂ ಬಹಳ ದಿನವಲ್ಲ.
೯೦ ದಿನ ದಾಟಿದ್ದು ತಾನಾಗಿ ಅಳಿಯಲಿ ಎಂದು
ನಾನೇ ಬರೆದಿಟ್ಟ ನಿಯಮವಿದೆ, ಡಿಸ್ಕು ತುಂಬಬಾರದಲ್ಲ.
ಆ ಸೊನ್ನೆ ತೆಗೆದರೆ ೯.
ಒಂದು ಸೊನ್ನೆ ಹೋದದ್ದು ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗುತ್ತದೆ.
ಸೊನ್ನೆ ತೆಗೆದವರ ಹೆಸರು ಇನ್ನೊಂದು ಕಡತದಲ್ಲಿ ಬೀಳುತ್ತದೆ,
ಆ ಕಡತ ತೆರೆದವರದು ಮತ್ತೊಂದರಲ್ಲಿ.
ಈ ವಾರ ಒಂಬತ್ತು ಸಾಲನ್ನು ಹದಿನಾಲ್ಕು ಸಲ ನೋಡಿದವಳು
ಸುಮಿತಾ ಕುಡ್ತರಕರ್ ಎಂದು
ಅಲ್ಲಿ ಆಗಲೇ ಬರೆದಾಗಿದೆ.

ಬುಧವಾರ ಊಟದ ಬಿಡುವಿನಲ್ಲಿ ಕೆಳಗಿಳಿದೆ.
ಮೊಬೈಲಿನ ಗಡಿಯಾರ ಒತ್ತಿ ಬಾಗಿಲು ನೂಕಿದೆ.
ಚಳಿ ಮುಖಕ್ಕೆ ಹೊಡೆಯಿತು. ಸಲಿಕೆ ಹುಡುಕಿದೆ.
ಒಂದು. ಎರಡು. ಬುಟ್ಟಿ ಸೊಂಟಕ್ಕೆ. ಹೊರಗೆ.
ನಲವತ್ತು.

ಎರಡು ಸಲಿಕೆ ಪುಡಿ!
ಬೋಟಿಗೆ ತುಂಬುವಾಗ ಇಷ್ಟು ನೆಲಕ್ಕೇ ಬೀಳುತ್ತದೆ,
ನಾಯಿಯೂ ಮೂಸುವುದಿಲ್ಲ.

ಪಟ್ಟಿ ತೆಗೆದೆ. ಒಂದು ಸಾಲೂ ಬಿಡಲಿಲ್ಲ.
ಷರಾ ಎಂಬ ಕಾಲಮ್ಮು ಯಾವತ್ತೂ ಖಾಲಿ ಇರುತ್ತಿತ್ತು;
ಅಲ್ಲಿ ಒಂಬತ್ತು ಸಲ ಟೈಪು ಮಾಡಿದೆ: ಎರಡು ಸಲಿಕೆ.
ಬಾನಾವಳಿಕರ್ ಕನ್ನಡಕ ಏರಿಸಿ ಓದಿದರು,
ಇಳಿಸಿ ಓದಿದರು, "ನೋಡುವ" ಎಂದು
ಟೇಬಲ್ಲಿನ ಗಾಜಿನಡಿ ಸೇರಿಸಿದರು.
ಕಾರ್ಡು ಬಂದ್ ಮಾಡಲೇ ಎಂದು ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.

ಇವತ್ತು ಶನಿವಾರ. ಪಾಳಿ ನನ್ನದಲ್ಲ, ಬೇಡಿ ತಗೊಂಡೆ.
ದೇವಗಡದ ದೀಪ ಕಿಟಕಿಗೆ ಬಂದು ಬಂದು ಹೋಗುತ್ತದೆ,
ಯಾರೂ ಉಳಿಸಿಕೊಳ್ಳದ ಸಾಲು.

೦೩:೧೧ ಬಾಗಿಲು ಎರಡು ತೆರೆಯಿತು. ಕಾರ್ಡು ೪೧೭.

ಹದಿನೆಂಟು ಮೆಟ್ಟಿಲು; ಇಳಿದರೆ ಮುಖ ಕಂಡೀತು.
ಇಳಿಯಲಿಲ್ಲ. ಪರದೆ ನೋಡುತ್ತ ಕೂತೆ.
ಮೂವತ್ತೆಂಟು. ನಲವತ್ತು. ನಲವತ್ತೈದು.
ಅರವತ್ತು ದಾಟಿದರೆ ಸೈರನ್ನು ತಾನಾಗಿ ಕೂಗುತ್ತದೆ,
ಬಂದರಿನ ನಾಯಿಗಳೆಲ್ಲ ಏಳುತ್ತವೆ.
ಬೇಗ, ಬೇಗ ಬಾಯೇ,
ಐವತ್ತೆರಡು. ಐವತ್ತಾರು.

೦೩:೧೨ ಬಾಗಿಲು ಎರಡು ಮುಚ್ಚಿತು.

ಮೂರು ಸಲಿಕೆ.
ಬಂಗಡೆ ಚೆನ್ನಾಗಿ ಬಿದ್ದಿರಬೇಕು.