ಬಾಯಿ ಒಂದು ಬಾಕಿ

ಯಾದಗಿರಿಯ ಚಿತ್ತಾಪುರ ರೋಡಿನಲ್ಲಿ
ವಾಷಿಂಗ್ಟನ್ ಕಾನ್ವೆಂಟಿಗೆ ಕಾಂಪೌಂಡು ಕಟ್ಟಿದ ವರ್ಷ
ವಿಶ್ವಾರಾಧ್ಯ ಸರ್ ಅಪ್ಪನನ್ನು ಕರೆಸಿ ಹೇಳಿದರು:
“ಸಾಬಣ್ಣ, ನಾಕು ಮಂದಿನ್ನ ಬರೀಬೇಕು. ಅಮೆರಿಕಾ ಕಟ್ಟಿದವರು.
ಎರಡೂವರೆ ಸಾವಿರ. ಬಣ್ಣ ನಿಂದೇ.”

ಅಪ್ಪ ಅಲ್ಲಿಯತನಕ ಬರೆದದ್ದು
ಬೀಜ-ಗೊಬ್ಬರದಂಗಡಿಯ ತೊಗರಿ ಗಿಡ, ಲಾರಿ ಹಿಂದಿನ ಹದ್ದು,
ಸಿಮೆಂಟು ಚೀಲ, ಯಾವ ಪಕ್ಷದ ಗುರುತಾದರೂ ಸೈ.
ಮುಖ ಬರೆದದ್ದು ಸತ್ತವರದು ಮಾತ್ರ, ಮನೆಯವರು ಫೋಟೊ ತಂದಾಗ.
“ಇವರೂ ಸತ್ತವರೇ ಅಲ್ಲೇನ್ರಿ,” ಅಂದು ಒಪ್ಪಿಕೊಂಡ.

ಸರ್ ಕೊಟ್ಟದ್ದು ನುಸಿ ತಿಂದ ಒಂದು ಪುಸ್ತಕ.
ಚಿತ್ರ ಒಂದೊಂದೂ ಬೆಂಕಿಪೊಟ್ಟಣದಷ್ಟು.
ಅದನ್ನು ಹಿಡಿದು ಬಿಸಿಲಲ್ಲಿ ನಿಲ್ಲುವವಳು ನಾನು.
ಐದನೇ ಇಯತ್ತೆ. ಏಪ್ರಿಲ್.
ಕೋಟೆಗುಡ್ಡ ಕಾದ ಹಂಚಿನ ಹಾಗೆ ಹಿಂದೆ ಕೂತಿತ್ತು.
ಅಪ್ಪ ದಾರಕ್ಕೆ ನೀಲಿ ಅದ್ದಿ, ಗೋಡೆಗೆ ಚಟ್ ಅಂತ ಬಡಿದು
ಚೌಕುಳಿ ಹಾಕಿದ. ಒಂದೊಂದಕ್ಕೆ ಒಂದೊಂದು ತುಣುಕು:
ಒಂದರಲ್ಲಿ ಬರೀ ಕಿವಿ.
ಒಂದರಲ್ಲಿ ಏನೂ ಇಲ್ಲ, ಕತ್ತಲೆ.

ಫ್ರಾಂಕ್ಲಿನ್ ಒಂದೇ ದಿನಕ್ಕೆ ಬಂದ.
ಚಷ್ಮಾ, ಬೋಳು ನೆತ್ತಿ, ಹಿಂದೆ ಜೋತ ಕೂದಲು.
“ಕಿರಾಣಿ ಸಂಗಯ್ಯಪ್ಪನ ಹಂಗ ಅದಾನ. ಉದ್ರಿ ಕೊಟ್ಟು ಮರ್ಯಾಂಗಿಲ್ಲ.”
ಜೆಫರ್ಸನ್ನನ ಕೂದಲು ಕೆಂಪು. “ಮೆಹಂದಿ ಹಚ್ಯಾನೇನು?”
ಅಂತ ಪಕ್ಕದ ಗ್ಯಾರೇಜಿನ ಲಾಡ್ಲೇಸಾಬ್ ಚಾಚಾ
ತನ್ನ ಗಡ್ಡ ಸವರಿಕೊಂಡು ನಕ್ಕ.
ಆಡಮ್ಸ್ ಗುಂಡಗೆ. ಅವನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ವಾಷಿಂಗ್ಟನ್ ಹತ್ತಿರ ಕೆಲಸ ನಿಂತಿತು.
ಕೂದಲಿಗೆ ಪುಡಿ, ಗಿರಣಿಯಿಂದ ಈಗಷ್ಟೇ ಹೊರಬಿದ್ದವನ ಹಾಗೆ.
ಕಣ್ಣು ಆಯ್ತು, ಮೂಗು ಆಯ್ತು,
ಕಪ್ಪು ಕೋಟು, ಕೊರಳಲ್ಲಿ ಬಿಳಿ ಜಾಲರಿ.
ಬಾಯಿ ಒಂದು ಬಾಕಿ.
ಬರೆಯುತ್ತಿದ್ದ, ಒರೆಸುತ್ತಿದ್ದ. ಸೀಮೆಎಣ್ಣೆಯ ಚಿಂದಿ ಕೆಂಪಾಯಿತು.
ನಾಲ್ಕು ದಿನ. ಸರ್ ಬಂದು ಗಡಿಯಾರ ನೋಡಿ ಹೋದರು.

ಐದನೇ ದಿನ ರೊಟ್ಟಿ, ಪುಂಡಿಪಲ್ಲೆ ಬಿಚ್ಚಿ ಕೂತಾಗ
ಅಪ್ಪ ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಾ ಅಂದ:
“ಇಂವ ತುಟಿ ಬಿಗಿದದ್ದು ಸಿಟ್ಟಿಗಲ್ಲ ನೋಡವ್ವ.
ಒಳಗಿನವು ಹೊರಗ ಬೀಳ್ತಾವಂತ.
ಬಾಯಾಗಿನ ಹಲ್ಲು ಇಂವನವಲ್ಲ.”

ಅಪ್ಪನ ಅಪ್ಪ ಜೀತಕ್ಕಿದ್ದ ಮನೆಯ ಗೌಡ
ಹೀಗೇ ಬಾಯಿ ಮುಚ್ಚಿ ಕಟ್ಟೆಯ ಮೇಲೆ ಕೂರುತ್ತಿದ್ದನಂತೆ.
ಮಾತಿಲ್ಲ. ಕಣ್ಣಲ್ಲೇ ಎತ್ತು ಹೂಡಿಸುತ್ತಿದ್ದ.
ಅಪ್ಪ ಅದನ್ನು ಹೇಳಿದ್ದು ಅವತ್ತು, ಒಂದೇ ಸಲ,
ಕೈ ತೊಳೆಯುತ್ತಾ, ನೀರಿಗೆ ಹೇಳಿದ ಹಾಗೆ.

ಆಮೇಲೆ ಬೀಡಿ ಸೇದುವಷ್ಟರಲ್ಲಿ ಬಾಯಿ ಬಂತು.
ಇಟ್ಟಂಗಿ ಬಣ್ಣ, ಅದರೊಳಗೆ
‘ಇಂದು ನಗದು ನಾಳೆ ಉದ್ರಿ’ ಬರೆದು ಉಳಿದಿದ್ದ
ಒಂದು ಹನಿ ಕಪ್ಪು.

ಕಲಬುರಗಿಯಲ್ಲಿ ಎಂ.ಎ. ಓದುವಾಗ ಲೈಬ್ರರಿಯಲ್ಲಿ ಸಿಕ್ಕಿತು
ಅವನ ಜಮಾಖರ್ಚಿನ ಒಂದು ಸಾಲು:
ಆಳುಗಳಿಗೆ, ಒಂಬತ್ತು ಹಲ್ಲಿನ ಬಾಬ್ತು, ಆರು ಪೌಂಡು ಎರಡು ಶಿಲ್ಲಿಂಗು.
ಅವನ ಸೊತ್ತೇ ಆಗಿದ್ದ ಆಳುಗಳು.
ಆ ಹಲ್ಲು ಅವನ ಬಾಯಿಗೇ ಸೇರಿದವೋ ಇಲ್ಲವೋ
ಬಲ್ಲವರೂ ಖಚಿತವಾಗಿ ಹೇಳುವುದಿಲ್ಲ.

ಹೊರಗೆ ಬಂದು, ಬೇವಿನ ನೆರಳಲ್ಲಿ, ಅಪ್ಪನಿಗೆ ಫೋನು ಹಚ್ಚಿದೆ.
ಏಣಿಯ ಮೇಲಿದ್ದ. ಪೂರ್ತಿ ಕೇಳಿಸಿಕೊಂಡ.
“ಒಂಬತ್ತೇನು?” ಅಂದ.
ಬಹಳ ಹೊತ್ತು ಬರೀ ಲಾರಿಗಳ ಸದ್ದು.
“ಕೊಟ್ಟವರ ಮಾರಿ ಎಲ್ಲ್ಯಾರ ಸಿಕ್ಕರ ನೋಡವ್ವ.
ಸಣ್ಣದಿದ್ರೂ ನಡೀತದ. ಚೌಕುಳಿ ಹಾಕ್ಕೋತೀನಿ.”

ಹುಡುಕಿದೆ. ಒಂದು ಚಿತ್ರದಲ್ಲಿ
ಕುರ್ಚಿಗಳ ಹಿಂದೆ, ಅಂಚಿಗೆ, ಒಬ್ಬ ನಿಂತಿದ್ದಾನೆ.
ಕೋಟು ಇದೆ, ಗುಂಡಿಗಳೂ ಇವೆ.
ಮುಖಕ್ಕೆ ಬರುವ ಹೊತ್ತಿಗೆ ಬಣ್ಣ ಮುಗಿದಿತ್ತೋ ಏನೋ.
ಅದನ್ನೇ ಕಳಿಸಿದೆ.
ನೀಲಿ ಪುಡಿ ತಂದಿಟ್ಟಿದ್ದಾನೆ ಅಂತ ಅವ್ವ ಹೇಳಿದಳು.
ಅಪ್ಪ ಇನ್ನೂ ಏನೂ ಅಂದಿಲ್ಲ.