ಹೊಗೆಗೂಡು

ಮೂರು ಮನೆ ನೋಡಿದೆ. ಮೂರೂ ಖಾಲಿ, ಮೂರೂ ಇಲ್ಲ.
ಒಂದಕ್ಕೆ ಎದಿರ್ನೆಯಿಂದ ಮಗಳು ಬರುತ್ತಾಳಂತೆ,
ಒಂದರ ಮಾಡು ಸೋರುತ್ತದಂತೆ.
ಮೂರನೆಯದರ ಯಜಮಾನ ಚಹದ ಲೋಟದಲ್ಲಿ
ಸಕ್ಕರೆ ಕದಡುತ್ತಲೇ ಇದ್ದ,
ಕರಗಿ ಎಷ್ಟೋ ಹೊತ್ತಾದ ಮೇಲೂ.

ಊರಿಗೆ ಮೊದಲೇ ಗೊತ್ತಾಗಿತ್ತು:
ಹಾಲಿನ ಸಂಘಕ್ಕೆ ಹೊಸಬಳು ಬಂದಿದ್ದಾಳೆ,
ಡಿಗ್ರಿ ನೋಡುವವಳು.
ಮನೆಮನೆಯ ಕ್ಯಾನಿಗೆ ಗಾಜಿನ ಕಡ್ಡಿ ಇಳಿಬಿಟ್ಟು
ಹಾಲೆಷ್ಟು ನೀರೆಷ್ಟು ಹೇಳುವವಳು.
ಅಂಥವಳಿಗೆ ಯಾರು ಚಾವಡಿಯ ದೀಪ ಹಾಕುತ್ತಾರೆ?

ಮ್ಯುಜೆಯೆನಕ್ಕನಿಗೆ ಹಸುವಿರಲಿಲ್ಲ.
ಎರಡು ಕೋಣೆ, ಒಂದು ಕಬ್ಬಿಣದ ಒಲೆ,
ಬಾಗಿಲ ಚೌಕಟ್ಟಿನಲ್ಲಿ ಹಿಂದಿನ ಬಾಡಿಗೆಯವರ ಮಗು
ಎಂಟು ವರ್ಷದ ತನಕ ಬೆಳೆದ ಪೆನ್ಸಿಲ್ ಗೆರೆಗಳು.
ಮುಂಗಡ ಕೇಳಲಿಲ್ಲ, ಜಾಮೀನು ಕೇಳಲಿಲ್ಲ,
ಗಂಡನೆಲ್ಲಿ ಎಂದೂ ಕೇಳಲಿಲ್ಲ.
ಆ ಪ್ರಶ್ನೆಗೆಂದೇ ನಾನು ಇಸ್ತಾಂಬುಲಿನಿಂದ
ಬಸ್ಸಿನುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ,
ಬುತ್ತಿಯಂತೆ. ಹಾಗೇ ಉಳಿಯಿತು.

ಕರಾರು ಒಂದೇ. ಬೆರಳೆತ್ತಿ ತೋರಿಸಿದಳು:
ಹೊಗೆಗೂಡಿನ ಮೇಲೊಂದು ಗೂಡು,
ಗಾಡಿಚಕ್ರದಷ್ಟು ಅಗಲ.
ಕೊಕ್ಕರೆಗಳು ಹೋಗುವ ತನಕ ಒಲೆ ಹಚ್ಚಕೂಡದು.
ಯಾವಾಗ ಹೋಗುತ್ತವೆ?
ಹೋದಾಗ.

ಏಪ್ರಿಲ್. ಬಾಲ್ಕನ್ ಗಾಳಿಗೆ ಕದದ ಸಂದು ಸಾಕು.
ಕೋಟು ತೊಟ್ಟೇ ಉಂಡೆ, ಕೋಟು ತೊಟ್ಟೇ ಮಲಗಿದೆ.
ಮೇಲೆ ಕಟಕಟ ಕಟಕಟ ಕೊಕ್ಕು ಬಡಿಯುವ ಜೋಡಿ,
ಬಾಡಿಗೆ ಕೊಡದವರು, ನನಗಿಂತ ಹಳಬರು.
ಒಲೆಯ ಬಾಯಿ ತೆರೆದರೆ ಉದುರಿದ ಕಡ್ಡಿ,
ಒಮ್ಮೆ ಒಂದು ಕಪ್ಪೆಯ ಕಾಲು.

ಊರ ಸುತ್ತ ಸೂರ್ಯಕಾಂತಿ.
ಜೂನಿಗೆ ಮಂಡಿಯುದ್ದ, ಜುಲೈಗೆ ನನ್ನೆತ್ತರ.
ಬಲಿತ ಮೇಲೆ ಅವು ಸೂರ್ಯನ ಹಿಂದೆ ತಿರುಗುವುದಿಲ್ಲ,
ಮೂಡಲಿಗೆ ಮುಖಮಾಡಿ ಹಠ ಹಿಡಿದು ನಿಲ್ಲುತ್ತವೆ.
ಇದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು.
ಇನ್ನೊಂದು: ರೆಜಾಯಿ, ಹನ್ನೊಂದು ಹಸುವಿನವನು,
ಮ್ಯುಜೆಯೆನಕ್ಕನ ಒಡಹುಟ್ಟಿದ ತಮ್ಮ.

ಅವನ ಕ್ಯಾನಿನಲ್ಲಿ ಕಡ್ಡಿ ಇಪ್ಪತ್ತನಾಲ್ಕಕ್ಕೆ ನಿಂತಿತು.
ಒರೆಸಿ ಇನ್ನೊಮ್ಮೆ ಬಿಟ್ಟೆ. ಇಪ್ಪತ್ತನಾಲ್ಕು.
ಹಿಂದಿನ ಸಾಲು ಮೌನವಾಯಿತು. ಯಾರೋ ಕೆಮ್ಮಿದರು.
ಬರೆದೆ.
ಅಂಕಿ ಬೇಕಾದ್ದಕ್ಕಿಂತ ದೊಡ್ಡದಾಯಿತೇನೋ.

ಸಂಜೆ ಚೀಲಕ್ಕೆ ಅರ್ಧ ಬಟ್ಟೆ ತುಂಬಿದ್ದೆ. ಬಂದಳು.
ಅಂಗಳದಲ್ಲಿ ಚಾದರ ಹಾಸಿ ಒಣಹಾಕಿದ ತರ್ಹಾನಾ,
ಪಡುವಲಲ್ಲಿ ಮೋಡ.
ಆ ತುದಿ ಹಿಡಿ, ಎಂದಳು.
ಹಿಡಿದೆ. ಮೊಸರು ಮೆಣಸಿನ ಹುಳಿಘಾಟು ನಮ್ಮ ನಡುವೆ
ತೊಟ್ಟಿಲಿನಂತೆ ತೂಗುತ್ತಾ ಹೊಸಿಲು ದಾಟಿತು.
ನಮ್ಮಪ್ಪನೂ ಬೆರೆಸುತ್ತಿದ್ದ, ಎಂದಳು.
ಅದಕ್ಕೇ ನಾನು ಹಸು ಕಟ್ಟಲಿಲ್ಲ.
ಮತ್ತೆ, ಹೊರಡುವಾಗ:
ಬಾಡಿಗೆ ಮಾತ್ರ ಮುಂದಿನ ತಿಂಗಳಿಂದ ಇನ್ನೂರು ಲಿರಾ ಹೆಚ್ಚು.
ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ
ಇವತ್ತಿಗೂ ತಿಳಿಯದು.

ಆಗಸ್ಟ್ ಕೊನೆಗೆ ಒಂದು ಬೆಳಿಗ್ಗೆ ಮಾಡಿನ ಮೇಲೆ ಸದ್ದಿಲ್ಲ.
ಸೆಕೆಗೆ ಬೆನ್ನು ಅಂಟುತ್ತಿತ್ತು, ಒಲೆ ಯಾರಿಗೆ ಬೇಕು.
ಆದರೂ ಐದು ತಿಂಗಳು ಕಾದ ಛಲಕ್ಕೆ
ಕೈಗೆ ಸಿಕ್ಕ ಕಾಗದ, ಎರಡು ಸೌದೆ, ಒಂದು ಕಡ್ಡಿ ಗೀರಿದೆ.
ಹೊಗೆ ಮೇಲೇರಲಿಲ್ಲ. ದಾರಿ ಇದ್ದರೆ ತಾನೆ.
ಕೋಣೆಯೆಲ್ಲ ತಿರುಗಿ ನನ್ನ ಕಣ್ಣಿಗೇ ಬಂತು.

ಕಿಟಕಿ ದೂಡಿದರೆ ಹೊರಗೆ ಏಣಿ, ತಗಡಿನ ಕೊಳವೆ,
ಅವೆರಡರ ನಡುವೆ ರೆಜಾಯಿ.
ಅಕ್ಕ ಕಳಿಸಿದಳು, ಎಂದ ನೆಲ ನೋಡುತ್ತಾ.
ಗೂಡು ಮುಟ್ಟುವಂತಿಲ್ಲ, ಪಕ್ಕದ ಗೋಡೆಗೆ ಕಿಂಡಿ ಹೊಡೆಯಬೇಕು.
ಮಧ್ಯಾಹ್ನದ ತನಕ ಉಳಿ, ಸುತ್ತಿಗೆ, ಇಟ್ಟಿಗೆಪುಡಿ.
ಇಳಿದವನು ಮೀಸೆಯ ಧೂಳು ಒರೆಸಿಕೊಂಡು
ಒಂದು ಲೋಟ ನೀರು ಕೇಳಿದ.

ಕೊಟ್ಟೆ.
ಇಬ್ಬರೂ ನಗಲಿಲ್ಲ.
ನಗದೆ ಇರಲು ಇಬ್ಬರಿಗೂ ಕಷ್ಟವಾಯಿತು.