ಮೂರೇ ಕಾಲು

ಅದಕ್ಕೆ ಮೂರೇ ಕಾಲು.
ಅಮ್ಮ ಅದನ್ನು ಕೋಳಿಪಿಶಾಚಿ ಅನ್ನುತ್ತಿದ್ದಳು,
ಪಾದ್ರಿ ಚಹಾಕ್ಕೆ ಬರುವ ಗುರುವಾರಗಳಲ್ಲಿ
ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ
ಅದರ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಜೊತೆಗೆ ಇನ್ನೊಂದು: ಗೇಣುದ್ದದ ಹೆಂಗಸು,
ಸೊಂಟದ ಮೇಲೆ ಏನೋ ಹೊತ್ತಿದ್ದಾಳೆ,
ಕೊಡವೋ, ಕೂಸೋ, ಯಾರದೋ ಕಡಿದ ತಲೆಯೋ.
ಎರಡೂ ಕರೀ ಕೊಂಬು. ಬೆಳಕಿಗೆ ಹಿಡಿದರೆ
ತೆಳುವಾದ ಕಡೆ ಮಾತ್ರ ಕಡುಚಹಾದ ಬಣ್ಣ.

ಅಪ್ಪ ತಂದದ್ದು. ಹೂಗ್ಲಿ ದಂಡೆಯ ಸೆಣಬಿನ ಗಿರಣಿಯಲ್ಲಿ
ಹನ್ನೊಂದು ವರ್ಷ ಮಗ್ಗ ರಿಪೇರಿ ಮಾಡಿ
ಡಂಡೀಗೆ ಮರಳಿದಾಗ ಅವನ ಹತ್ತಿರ ಇದ್ದದ್ದು
ಒಂದು ಛತ್ರಿ, ಮಲೇರಿಯಾ, ಇವೆರಡು.
ಯಾರು ಕೊಟ್ಟರು ಎಂದರೆ "ಒಬ್ಬರು" ಅನ್ನುತ್ತಿದ್ದ.
ಯಂತ್ರಕ್ಕೆಲ್ಲ ಎಣ್ಣೆ ಬಿಟ್ಟವನು
ಮಾತಿಗೆ ಬಿಡಲಿಲ್ಲ.

ಈಗ ನನ್ನ ಮೊಣಕಾಲು ಕೈಕೊಟ್ಟಿದೆ,
ಮೆಟ್ಟಿಲಿಲ್ಲದ ಸಣ್ಣ ಮನೆ ಸಿಕ್ಕಿದೆ,
ಹೊರೆ ಇಳಿಸಬೇಕು. ಹರಾಜಿನ ಅಂಗಡಿಯ ಕ್ರೈಟನ್
ಸೂಜಿ ಕಾಸಿ ಅದರ ಅಡಿಗೆ ಚುಚ್ಚಿದ.
ಕೂದಲು ಸುಟ್ಟ ವಾಸನೆ.
"ಪ್ಲಾಸ್ಟಿಕ್ ಅಲ್ಲ. ಬಾಲಿ ದ್ವೀಪದ್ದು. ಹದಿನೈದು ಪೌಂಡು."
ಮ್ಯೂಸಿಯಮ್ಮಿನ ಹುಡುಗಿ ಕೈಗವಸು ತೊಟ್ಟು
ಯಾಳಿ ಇರಬಹುದು ಎಂದಳು, ಮಕರ ಇರಬಹುದು ಎಂದಳು,
ಪ್ರಶ್ನಾರ್ಥಕ ಚಿಹ್ನೆ ಹಾಕಿ ಚೀಟಿ ಬರೆದುಕೊಟ್ಟಳು.
ನಾಲ್ಕನೆಯದು ಎಲ್ಲಿ ಎಂದು ಯಾರೂ ಕೇಳಲಿಲ್ಲ.
ಅವರವರು ಹಿಡಿದ ಮೊಲ ಅವರವರಿಗೆ.

ಕೇಳಿದವಳು ರಕ್ತ ತೆಗೆಯಲು ಬರುವ ನರ್ಸು,
ಕುಂತಲಾ ಬಿಸೋಯಿ.
ನನ್ನ ತೋಳಿಗೆ ಪಟ್ಟಿ ಬಿಗಿದವಳು ಹಾಗೇ ನಿಂತಳು.
ನರ ಉಬ್ಬಿಕೊಂಡು ಕಾಯುತ್ತಿತ್ತು.
"ತಲೆ ಹುಂಜ," ಎಂದಳು. "ಕೊರಳು ನವಿಲು.
ಹಿಣಿಲು ಗೂಳಿಯದು. ನಡು ಸಿಂಹ. ಬಾಲ ಹಾವು."
ಸಿರಿಂಜು ಹಿಡಿದ ಕೈಯಲ್ಲೇ ಎಣಿಸಿದಳು:
"ಆನೆಕಾಲು, ಹುಲಿಕಾಲು, ಜಿಂಕೆಕಾಲು. ಎಂಟಾಯಿತು.
ಎಲ್ಲಿ ಕೈ?"

ಯಾವ ಕೈ?

"ಒಡಿಶಾದಲ್ಲಿ, ನಮ್ಮಮ್ಮನ ಊರು ಪಾರಳಾಖೆಮುಂಡಿಯಲ್ಲಿ,
ಕೊಂಬು ಕಾಸಿ, ಬಾಗಿಸಿ, ಇಂಥವನ್ನು ಮಾಡುತ್ತಾರೆ.
ನವಗುಂಜರ. ದೇವರೇ ಹೀಗೆ ಬಂದಿದ್ದನಂತೆ ಕಾಡಿಗೆ.
ಬಿಲ್ಲುಗಾರ ಹೆದೆ ಎಳೆದ. ಇಂಥ ಪ್ರಾಣಿ
ಲೋಕದಲ್ಲೇ ಇಲ್ಲ, ಹೊಡೆಯಬೇಕು ಅಂದುಕೊಂಡ.
ಆಮೇಲೆ ನೋಡಿದ: ಮುಂದಿನ ಒಂದು ಕಾಲು ಕಾಲಲ್ಲ,
ಮನುಷ್ಯರ ಕೈ. ಅದರಲ್ಲಿ ತಾವರೆ.
ಬಿಲ್ಲು ಕೆಳಗಿಟ್ಟ.
ಕೈ ಇಲ್ಲದಿದ್ದರೆ ಇದು ಬರೀ ಮೃಗ, ಆಂಟಿ,
ಯಾರು ಬೇಕಾದರೂ ಹೊಡೆಯಬಹುದು."

ಪಟ್ಟಿ ಬಿಚ್ಚುವುದನ್ನು ಮರೆತಿದ್ದಳು.
ನನ್ನ ಬೆರಳು ನೀಲಿ.

ನಾನು ಏನೂ ಹೇಳಲಿಲ್ಲ. ಆರನೇ ವಯಸ್ಸಿನಲ್ಲಿ
ಅದನ್ನು ಕುದುರೆ ಮಾಡಿ ಓಡಿಸುತ್ತ ಬೀಳಿಸಿ,
ಮುರಿದ ಚೂರನ್ನು ಅಮ್ಮನ ಗುಂಡಿಡಬ್ಬಿಯಲ್ಲಿ
ಹೂತಿಟ್ಟವಳು ನಾನೇ.
ಅಪ್ಪ ಮೂರು ಕಾಲನ್ನು ನೋಡಿದ. ನನ್ನನ್ನು ನೋಡಿದ.
ಬೆಂಕಿಕಡ್ಡಿಯೊಂದನ್ನು ಅಳತೆಗೆ ಮುರಿದು
ಎದೆಯಡಿಗೆ ಆನಿಸಿ ನಿಲ್ಲಿಸಿದ.
ಅಷ್ಟೇ.

ಅವಳು ಹೋದ ಮೇಲೆ ಡಬ್ಬಿ ಸುರಿದೆ.
ಕೋಟಿನ ಗುಂಡಿಗಳೂ ಕೊಂಬಿನವೇ, ಕರಿಯವೇ,
ಹುಡುಕಲು ಸಂಜೆಯಾಯಿತು.
ಸಿಕ್ಕಿತು: ಜೀರಿಗೆಯಷ್ಟು ಬೆರಳುಗಳು, ಐದು.
ಉಗುರೂ ಕೆತ್ತಿದ್ದಾರೆ ಆ ಒಬ್ಬರು.
ತಾವರೆ ಅರ್ಧ ಮಾತ್ರ.

ಮುಂದಿನ ವಾರ ಹೆಂಗಸನ್ನು ತೋರಿಸಿದೆ.
ಕುಂತಲಾ ತಿರುಗಿಸಿ ಮುರುಗಿಸಿ ನೋಡಿ ನಕ್ಕಳು.
"ಇವಳು ದೇವರಲ್ಲ. ಇವಳು ಯಾರೋ."
ನನ್ನ ಮುಖದಲ್ಲಿ ಏನು ಕಂಡಿತೋ,
"ನೀರಿಗೆ ಹೊರಟಿರಬೇಕು" ಎಂದು ಸೇರಿಸಿದಳು.

ಕ್ರೈಟನ್‌ಗೆ ಫೋನು ಮಾಡಿ ಬೇಡ ಅಂದೆ.
ಅಂಟು ಇನ್ನೂ ತಂದಿಲ್ಲ. ಬೆಂಕಿಕಡ್ಡಿ ಹಾಗೇ ಇದೆ,
ಪಕ್ಕದಲ್ಲಿ, ಬಾಟಲಿಯ ಮುಚ್ಚಳದಲ್ಲಿ, ಕೈ.
ರಾತ್ರಿ ಹೆಂಗಸನ್ನು ದೀಪಕ್ಕೆ ಹಿಡಿದು ನೋಡುತ್ತೇನೆ.
ಅವಳ ಸೊಂಟದ ಮೇಲಿರುವುದಕ್ಕೆ
ಭೂತಗನ್ನಡಿಯಲ್ಲಿ ಒಂದು ಕಿವಿ ಕಾಣುತ್ತದೆ.
ಪಾತ್ರೆಗೂ ಕಿವಿ ಇರುತ್ತದೆ, ಬಿಡಿ.